ಜೇನುಗೈ ಕರಡಿಯೂ ಟಿಟ್ಟಿಭದ ಮರಿಯೂ

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಕಾಲು ಮಡಚಿ ಕೂತುಕೊಳ್ಳಿ. ಚಿವುಟುವುದು, ಜಡೆ ಎಳೆಯುವುದು ಎಲ್ಲ ಕತೆ ಮುಗಿದ ಮೇಲೆ. ಬಾಯಲ್ಲಿ ಕಡಲೆ ಇಟ್ಟುಕೊಂಡವರು ಸದ್ದಾಗದ ಹಾಗೆ ಅಗಿಯಿರಿ. ಇದು ಸದ್ದು ಮಾಡುವವರ ಕತೆ, ಸದ್ದಿಲ್ಲದೆ ಕೇಳಬೇಕು.

ಒಂದು ಕಲ್ಲುಗುಡ್ಡ. ಗುಡ್ಡದ ತುಂಬ ಮನೆ ಮನೆಯಷ್ಟು ದೊಡ್ಡ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಮುಳ್ಳುಪೊದೆ. ಗುಡ್ಡದ ಕೆಳಗೊಂದು ಕೆರೆ. ಕೆರೆಯ ದಡದಲ್ಲಿ ಹುಲ್ಲು ಸ್ವಲ್ಪ, ಕಲ್ಲುಹರಳು ಬಹಳ. ಮರಿ ಮಾಡಿದ ಸಣ್ಣಪುಟ್ಟ ತಾಯಂದಿರೆಲ್ಲ ಅಲ್ಲೇ ಬಿಡಾರ ಹೂಡುತ್ತಿದ್ದರು.

ಮಳೆಗಾಲದ ಮೊದಲ ಹನಿ ಬಿದ್ದ ಮೇಲೆ ಅಲ್ಲಿ 'ಮರಿ ನೋಡುವ ದಿನ' ಬರುತ್ತಿತ್ತು. ನಾವು ಬಾಣಂತಿ ಮನೆಗೆ ಕೂಸು ನೋಡಲು ಹೋಗುತ್ತೇವಲ್ಲ, ಹಾಗೆ. ಗುಡ್ಡದ ಮೇಲಿನ ದೊಡ್ಡ ಪ್ರಾಣಿಗಳು ಸಂಸಾರ ಸಮೇತ ಇಳಿದು ಬರುವುದು, ತಂದದ್ದನ್ನು ಮರಿಗಳಿಗೆ ತಿನ್ನಿಸುವುದು, ಮೈದಡವಿ ಮುದ್ದು ಮಾಡುವುದು, ಸಂಜೆಗೆ ಮನೆ ಸೇರುವುದು. ಯಾಕೆ ಅಂತೀರಾ? ಮುಖ ಪರಿಚಯ ಇದ್ದರೆ ದೊಡ್ಡವರು ನೋಡಿ ಕಾಲಿಡುತ್ತಾರೆ. ಚಿಕ್ಕವರು ಕಂಡಕಂಡದ್ದಕ್ಕೆ ಹೆದರುವುದಿಲ್ಲ.

ಆ ಗುಡ್ಡದ ಮೇಲೆ ಜಡೆಯಪ್ಪ ಅಂತ ಒಬ್ಬ ಕರಡಿ ಇದ್ದ. ಮನಸ್ಸು ಬಹಳ ಒಳ್ಳೆಯದು. ಆದರೆ ಒಂದು ಗುಣ ಕೆಟ್ಟದ್ದು. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಯಾರು ಏನು ಹೇಳಹೊರಟರೂ "ನಂಗೊತ್ತು ಬಿಡು" ಅನ್ನುತ್ತಿದ್ದ.

ಅವನ ಹೆಂಡತಿ ಕಾಳವ್ವ. ಮಕ್ಕಳಿಬ್ಬರು, ಬುಡ್ಡ ಮತ್ತು ಚೆಂಗಿ. ಮರಿ ನೋಡುವ ದಿನ ಬಂತು ಅಂತ ಅವಳು ಬೆಳಿಗ್ಗೆಯೇ ಎದ್ದು ನೇರಳೆಹಣ್ಣು, ಎಳೆ ಚಿಗುರು, ಗೆಡ್ಡೆ ಎಲ್ಲ ಆರಿಸಿ ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡಳು.

ಜಡೆಯಪ್ಪ ನೋಡಿ ನಕ್ಕ. "ಏನೇ ಇದು, ಹುಲ್ಲು ಸೊಪ್ಪು? ನೆಂಟರ ಮನೆಗೆ ಹೋಗೋ ಲಕ್ಷಣವಾ? ತಡಿ, ನಾನು ಜೇನು ತರ್ತೀನಿ."

"ಅವು ಜೇನು ತಿಂತಾವೋ ಇಲ್ಲವೋ ರೀ. ಹೋಗಿ ಕೇಳಿ, ಆಮೇಲೆ..."

"ನಂಗೊತ್ತು ಬಿಡು! ಜೇನು ಬೇಡ ಅನ್ನೋ ಬಾಯಿ ಭೂಮಿ ಮೇಲೆ ಹುಟ್ಟಿದೆಯಾ?"

ಹೋದ, ಬಂಡೆ ಹತ್ತಿದ, ದೊಡ್ಡದೊಂದು ಜೇನುಹುಟ್ಟು ಕಿತ್ತು ತಂದ. ಕೈ, ಎದೆ, ಗಡ್ಡ ಎಲ್ಲ ಜೇನು. ನಡೆದ ದಾರಿಯುದ್ದಕ್ಕೂ ತೊಟ್ಟು ತೊಟ್ಟು. ಮಕ್ಕಳಿಬ್ಬರೂ ಅವ್ವನ ಬೆನ್ನೇರಿ ಕೂತರು. ಕರಡಿ ಸಂಸಾರ ಗುಡ್ಡ ಇಳಿಯಿತು.

ಕೆರೆಯ ದಡಕ್ಕೆ ಕಾಲಿಡುವ ಜಾಗದಲ್ಲಿ ಮುಳ್ಳಜ್ಜ ಕೂತಿದ್ದ. ಮುಳ್ಳುಹಂದಿಗಳಲ್ಲೇ ಹಿರಿಯ.

"ನಮಸ್ಕಾರ ಅಜ್ಜಾ. ನೀನ್ಯಾಕೆ ಇಲ್ಲಿ ಒಬ್ಬನೇ?" ಅಂದಳು ಚೆಂಗಿ.

"ನನ್ನನ್ನ ಮುದ್ದು ಮಾಡೋಕೆ ಯಾರೂ ಬರಲ್ಲ ಮಗಾ. ಅದಕ್ಕೇ ಬಾಗಿಲು ಕಾಯೋ ಕೆಲಸ ಕೊಟ್ಟಿದ್ದಾರೆ" ಅಂದ ಮುಳ್ಳಜ್ಜ. ಆಮೇಲೆ ಜಡೆಯಪ್ಪನ ಕಡೆ ತಿರುಗಿ, "ನೋಡಪ್ಪ, ಇಲ್ಲಿಯ ಪದ್ಧತಿ ಹೇಳ್ತೀನಿ. ತಿನ್ನಿಸೋ ಮೊದಲು ತಾಯಿಯನ್ನ ಕೇಳಬೇಕು. ಮುದ್ದು ಮಾಡೋ ಮೊದಲು ನೆಲಕ್ಕೆ ಕೂತು, ಕೈ ಚಾಚಿ ಸುಮ್ಮನಿರಬೇಕು. ಮರಿ ತಾನಾಗಿ ಬಂದರೆ ಸರಿ, ಬರಲಿಲ್ಲ ಅಂದ್ರೆ..."

"ನಂಗೊತ್ತು ಬಿಡು ಅಜ್ಜಾ! ನಾನೂ ಮಕ್ಕಳ ತಂದೆ. ನನಗೇ ಮುದ್ದು ಮಾಡೋದು ಹೇಳಿಕೊಡ್ತೀಯಾ?"

"ನಿನ್ನ ಮಕ್ಕಳ ಮೈ ಒಂದೊಂದು ಗುಡಾಣದಷ್ಟಿದೆ ಮಾರಾಯಾ. ಇಲ್ಲಿಯ ಮರಿಗಳು ನಿನ್ನ ಹೆಬ್ಬೆರಳಿಗಿಂತ ಸಣ್ಣವು."

ಅಷ್ಟು ಹೇಳುವ ಹೊತ್ತಿಗೆ ಜಡೆಯಪ್ಪ ಅಲ್ಲಿ ಇದ್ದರೆ ತಾನೇ!

ಮೊದಲು ಸಿಕ್ಕಿದ್ದು ಮೊಲದ ಚೆನ್ನಕ್ಕನ ಬಿಡಾರ. ಅವಳ ಮರಿಗಳು ಹುಲ್ಲಿನ ಮೇಲೆ ಆಡುತ್ತಿದ್ದವು. ಜಡೆಯಪ್ಪ ಬಗ್ಗಿದವನೇ ಒಂದನ್ನು ಎತ್ತಿಕೊಂಡು ಬಾಯಿಗೆ ಜೇನು ಮೆತ್ತಿದ. ಇನ್ನೊಂದರ ತಲೆ ನೇವರಿಸಿದ. ಅದರ ಎರಡೂ ಕಿವಿ ಒಂದಕ್ಕೊಂದು ಅಂಟಿಕೊಂಡು ಒಂದೇ ಕಿವಿಯಾಯಿತು! ಮರಿ ತಲೆ ಕೊಡವಿತು, ಕೊಡವಿತು, ಅಂಟು ಬಿಡಲೇ ಇಲ್ಲ.

"ನೋಡಿದ್ಯಾ ಚೆನ್ನಕ್ಕ, ಖುಷಿಗೆ ಹೇಗೆ ತಲೆ ಆಡಿಸ್ತಿದೆ!"

"ಖುಷಿಯಲ್ಲೋ ಜಡೆಯಣ್ಣ, ಅದಕ್ಕೆ ಕಿವಿ ಕೇಳಿಸ್ತಿಲ್ಲ! ಇನ್ನೂ ಹಾಲು ಕುಡಿಯೋ ಮರಿಗಳಪ್ಪ ಇವು. ಒಂದು ಮಾತು ಕೇಳಬಾರದಿತ್ತಾ?"

"ಅಭ್ಯಾಸ ಆಗ್ಬೇಕು ಕಣಕ್ಕ, ಅಭ್ಯಾಸ ಆಗ್ಬೇಕು" ಅನ್ನುತ್ತ ಮುಂದೆ ಹೋದ.

ಇತ್ತ ಕಾಳವ್ವ ಏನು ಮಾಡಿದಳು? ಮಕ್ಕಳನ್ನು ಇಳಿಸಿ, ನೆಲದ ಮೇಲೆ ಕೂರಿಸಿ, ಚೆನ್ನಕ್ಕನನ್ನು ಕೇಳಿ ಅಂಗೈಯಲ್ಲಿ ಒಂದೊಂದು ಚಿಗುರು ಇಟ್ಟಳು. ಬುಡ್ಡನಿಗೆ ಕಾಲು ಜೋಮು ಹಿಡಿಯಿತು. "ಅವ್ವಾ, ಇನ್ನೂ ಎಷ್ಟು ಹೊತ್ತು?" ಅಂತ ಗೊಣಗಿದ. "ಶ್!" ಅಂದಳು ಚೆಂಗಿ. ಚೆನ್ನಕ್ಕನಿಗೆ ಹಾಲು ಬಿಟ್ಟ ದೊಡ್ಡ ಮರಿಯೂ ಒಂದಿತ್ತು; ಅದು ಬಂತು, ಮೂಸಿತು, ಹಿಂದೆ ಹೋಯಿತು. ಮತ್ತೆ ಬಂದು ಚಿಗುರು ಕಚ್ಚಿಕೊಂಡು, ಚೆಂಗಿಯ ಬೆರಳಿಗೆ ಮೈ ಒರಗಿಸಿ ಕೂತೇಬಿಟ್ಟಿತು. ಚೆಂಗಿ ಉಸಿರು ಬಿಡುವುದನ್ನೇ ಮರೆತಳು.

ಅತ್ತ ಜಡೆಯಪ್ಪ ಟಿಟ್ಟವ್ವನ ಬಿಡಾರ ಮುಟ್ಟಿದ್ದ.

ಟಿಟ್ಟವ್ವ ಟಿಟ್ಟಿಭ ಹಕ್ಕಿ. ಉದ್ದ ಕಾಲು, ಕಣ್ಣ ಮುಂದೆ ಕೆಂಪು ತೊಗಲು. ಗೂಡು ಕಟ್ಟುವ ಹಕ್ಕಿಯಲ್ಲ ಅದು, ಬರೀ ನೆಲದ ಮೇಲೆ ಕಲ್ಲುಹರಳಿನ ನಡುವೆ ಮೊಟ್ಟೆ ಇಡುತ್ತದೆ. ಆ ಸಲ ಅವಳಿಗೆ ಉಳಿದದ್ದು ಒಂದೇ ಮರಿ. ಉಳಿದ ಮೊಟ್ಟೆಗಳು ಹಾವಿನ ಪಾಲು. ಇದ್ದೊಂದು ಮರಿಗೆ ಹರಳು ಅಂತ ಹೆಸರಿಟ್ಟಿದ್ದಳು. ಕಲ್ಲಿನ ಪಕ್ಕ ಕೂತರೆ ಕಲ್ಲು ಯಾವುದು, ಮರಿ ಯಾವುದು, ತಾಯಿಗೂ ತಿಳಿಯಬಾರದು, ಅಂಥ ಬಣ್ಣ.

"ಬಾ ಜಡೆಯಣ್ಣ, ಕೂತ್ಕೋ. ಅದು ಸ್ವಲ್ಪ ಅಂಜುಬುರುಕಿ, ತಾನಾಗೇ..."

"ನಂಗೊತ್ತು ಬಿಡು!" ಅಂದವನೇ ಮರಿಯನ್ನು ಬಾಚಿಕೊಂಡ. ನೆತ್ತಿಯಿಂದ ಬಾಲದವರೆಗೆ ಜೇನುಗೈಯಲ್ಲಿ ಸವರಿದ. ಕೊಕ್ಕಿಗೂ ಒಂದಿಷ್ಟು ಮೆತ್ತಿದ. ಮರಿ ಗಡಗಡ ನಡುಗಿತು.

"ಅಬ್ಬಾ, ಎಷ್ಟು ಸಂತೋಷ ನೋಡು ಇದಕ್ಕೆ!"

"ಬಿಡೋ ಅದನ್ನ! ಬಿಡು! ಟಿಟ್ಟಿಟ್ಟೀವ್! ಟಿಟ್ಟಿಟ್ಟೀವ್!" ಟಿಟ್ಟವ್ವ ಮೇಲಕ್ಕೆ ಹಾರಿ ಅವನ ತಲೆಗೆ ಕುಟುಕಿದಳು. ಜಡೆಯಪ್ಪ ಗಾಬರಿಯಾಗಿ ಕೈ ಸಡಿಲಿಸಿದ. ಮರಿ ಜಾರಿ ಕೆಳಗೆ ಬಿದ್ದು ಪುರ್ರನೆ ಓಡಿ ಮಾಯವಾಯಿತು.

ಈಗ ನಿಮಗೊಂದು ಮಾತು ಹೇಳಬೇಕು. ಟಿಟ್ಟಿಭದ ಮರಿಗೆ ತಾಯಿ ಕಲಿಸುವ ಮೊದಲ ಪಾಠ ಇದು. ಅಮ್ಮ ಕಿರುಚಿದಳೋ, ಹತ್ತಿರದ ಕಲ್ಲುಗಳ ನಡುವೆ ಓಡಿ ನೆಲಕ್ಕೆ ಅಂಟಬೇಕು. ಕಣ್ಣು ಮುಚ್ಚಬೇಕು. ಏನೇ ಆಗಲಿ, ಅಲ್ಲಾಡಬಾರದು, ಕುಂಯ್ ಅನ್ನಬಾರದು. ಅಮ್ಮ ಮೆಲ್ಲಗೆ ಕರೆದ ಮೇಲೆಯೇ ಏಳಬೇಕು. ಹರಳು ಜಾಣಮರಿ. ಪಾಠ ತಪ್ಪಲಿಲ್ಲ.

"ಅಯ್ಯಯ್ಯೋ, ಮರಿ ಎಲ್ಲಿ ಹೋಯ್ತು? ಹೆದರಬೇಡ ಟಿಟ್ಟವ್ವ, ನಾನಿದೀನಿ, ಹುಡುಕಿ ಕೊಡ್ತೀನಿ!" ಅಂತ ಜಡೆಯಪ್ಪ ದಡದ ತುಂಬ ಧಡಧಡ ಓಡಾಡಿದ. ಈ ಕಲ್ಲು ಮಗುಚಿದ, ಆ ಕಲ್ಲು ಮಗುಚಿದ. ಅವನ ಒಂದೊಂದು ಹೆಜ್ಜೆಗೂ ಟಿಟ್ಟವ್ವ ಇನ್ನೂ ಜೋರಾಗಿ ಕಿರುಚಿದಳು. ಅವಳು ಕಿರುಚಿದಷ್ಟೂ ಮರಿ ಇನ್ನೂ ಗಟ್ಟಿಯಾಗಿ ನೆಲಕ್ಕೆ ಅಂಟಿತು.

ಮಗುಚಿದ ಕಲ್ಲುಗಳ ಕೆಳಗೆ ಏನಿತ್ತು ಗೊತ್ತಾ? ಕೆಂಪಿರುವೆ. ಗೂಡು ಒಡೆದ ಕೋಪ ಒಂದು ಕಡೆ, ಜೇನಿನ ವಾಸನೆ ಇನ್ನೊಂದು ಕಡೆ. ಜೇನು ಬಿದ್ದಲ್ಲೆಲ್ಲ ಇರುವೆ ಮುತ್ತಿಕೊಂಡವು.

ಮುಳ್ಳಜ್ಜ ಅದನ್ನು ನೋಡಿ ಎದ್ದು ನಿಂತ. "ಟಿಟ್ಟವ್ವಾ! ಮರಿ ಮೈಯೆಲ್ಲ ಜೇನು ಇದೆ ಕಣೇ! ಬೇಗ ಕರಿ ಅದನ್ನ!"

"ಹೇಗೆ ಕರೀಲಿ ಅಜ್ಜಾ? ಕರೆದರೆ ಎದ್ದು ಓಡಿ ಬರ್ತದೆ, ಈ ಆನೆಗಾಲಿನವನ ಕೆಳಗೆ ಬೀಳ್ತದೆ!"

ಕೂಗು ಕೇಳಿ ಕಾಳವ್ವ ಓಡಿಬಂದಳು. ಗಂಡನ ಮುಂದೆ ಅಡ್ಡ ನಿಂತಳು. "ರೀ, ನಿಲ್ಲಿ."

"ನಾನು ಹುಡುಕದೆ ಮತ್ಯಾರೇ ಹುಡುಕ್ತಾರೆ?"

"ನೀವು ಹುಡುಕ್ತಿರೋದಕ್ಕೇ ಅದು ಸಿಗ್ತಿಲ್ಲ. ಕೂತ್ಕೊಳ್ಳಿ!"

ಜಡೆಯಪ್ಪನ ಬಾಯಿ ತೆರೆಯಿತು. 'ನಂಗೊತ್ತು' ಅನ್ನಬೇಕು, ಆದರೆ ಏನು ಗೊತ್ತು ಅವನಿಗೆ? ಏನೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿ ನಿಂತಲ್ಲೇ ಕುಕ್ಕರಿಸಿದ. ಇರುವೆಗಳು ಅವನ ಕೈಗೆ ಹತ್ತಿದವು, ಕಾಲಿಗೆ ಹತ್ತಿದವು, ಚುರುಚುರು ಕಚ್ಚಿದವು. ಅವನು ಅಲ್ಲಾಡಲಿಲ್ಲ.

ಟಿಟ್ಟವ್ವ ನೆಲಕ್ಕಿಳಿದಳು. ಗಂಟಲಲ್ಲೇ, ಮೆಲ್ಲಗೆ ಕರೆದಳು. "ಬಾ ಕಂದಾ."

ಸದ್ದಿಲ್ಲ.

"ಬಾ ನನ್ನವ್ವಾ. ಯಾರೂ ಇಲ್ಲ, ನಾನೇ."

ಎಲ್ಲರೂ ಕಿವಿ ನಿಮಿರಿಸಿದರು. ಮೊಲದ ಮರಿಗಳೂ ಗಪ್‌ಚಿಪ್. ಆಗ ಕೇಳಿಸಿತು, ದಾರದಷ್ಟು ಸಣ್ಣ ದನಿ, "ಚೀಂ." ಎಲ್ಲಿಂದ ಅಂತೀರಿ? ಜಡೆಯಪ್ಪನ ಪಾದದ ಮುಂದಿನಿಂದಲೇ! ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದೇ ಹೋಗಿತ್ತು. ಅದನ್ನು ಕಂಡು ಅಷ್ಟು ದೊಡ್ಡ ಕರಡಿ ಎರಡೂ ಪಾದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

ಮರಿಗೆ ಏಳಲು ಆಗಲಿಲ್ಲ. ಮೈತುಂಬ ಇರುವೆ. ಟಿಟ್ಟವ್ವ ಓಡಿಹೋಗಿ ಕೊಕ್ಕಿನಿಂದ ಹೆಕ್ಕಿದಳು. ಒಂದು ಹೆಕ್ಕಿದರೆ ಹತ್ತು ಹತ್ತುತ್ತಿದ್ದವು. ಹೆಕ್ಕುತ್ತ ಹೆಕ್ಕುತ್ತ ಅಳತೊಡಗಿದಳು.

ಜಡೆಯಪ್ಪನಿಗೆ ಒಂದು ವಿದ್ಯೆ ಬರುತ್ತಿತ್ತು. ಕರಡಿ ಜಾತಿಗೆಲ್ಲ ಬರುವ ವಿದ್ಯೆ. ಹುತ್ತಕ್ಕೆ ಮೂತಿ ಇಟ್ಟು, ಉಫ್ ಅಂತ ಮಣ್ಣು ಊದಿ, ಸುರ್ ಅಂತ ಇರುವೆ, ಗೆದ್ದಲು ಹೀರಿಬಿಡುವುದು. ಮಣ್ಣಿನ ಒಂದು ಕಣ ಬಾಯಿಗೆ ಹೋಗಬಾರದು, ಅಷ್ಟು ನಾಜೂಕು. ಮುಂದಕ್ಕೆ ಬಗ್ಗಿದ. ತಟ್ಟನೆ ನಿಂತ.

"ಟಿಟ್ಟವ್ವಾ" ಅಂದ. ಅವನ ದನಿ ಅಷ್ಟು ಸಣ್ಣದಾಗಿ ಯಾರೂ ಕೇಳಿರಲಿಲ್ಲ. "ಇರುವೆ ಹೀರೋದು ನನ್ನ ಬಾಯಿಗೆ ಬರ್ತದೆ. ಮಾಡಲಾ? ಬೇಡ ಅಂದ್ರೆ ಇಲ್ಲೇ ಕೂತಿರ್ತೀನಿ."

ಟಿಟ್ಟವ್ವ ಆ ಬಾಯಿ ನೋಡಿದಳು. ಅವಳ ಮರಿಯಂಥ ಹತ್ತನ್ನು ಒಂದೇ ತುತ್ತಿಗೆ ನುಂಗುವ ಬಾಯಿ! ಮರಿಯನ್ನು ನೋಡಿದಳು. ಅದರ ಕಾಲು ಆಡುವುದು ನಿಲ್ಲುತ್ತ ಬಂದಿತ್ತು.

"ಮೆಲ್ಲಗೆ ಮಾಡು. ನಿಲ್ಲು ಅಂದಾಗ ನಿಲ್ಲಬೇಕು."

"ಆಗಲಿ ತಾಯಿ."

ಉಫ್. ಸುರ್. ಬೆನ್ನಿನ ಮೇಲಿನ ಇರುವೆ ಹೋದವು.

"ರೆಕ್ಕೆ ಕೆಳಗೆ."

ಉಫ್. ಸುರ್.

"ಕಣ್ಣಿನ ಹತ್ರ. ಇನ್ನೂ ಮೆಲ್ಲಗೆ."

ಜಡೆಯಪ್ಪ ಹೂವಿನ ಮೇಲೆ ಊದುವ ಹಾಗೆ ಊದಿದ.

"ಸಾಕು, ನಿಲ್ಲು."

ನಿಂತ. ಒಂದು ಉಸಿರೂ ಹೆಚ್ಚಿಗೆ ಬಿಡಲಿಲ್ಲ.

ಟಿಟ್ಟವ್ವ ಕೆರೆಗೆ ಹಾರಿ ಹೊಟ್ಟೆಯ ಗರಿಗಳನ್ನು ನೀರಲ್ಲಿ ಅದ್ದಿಕೊಂಡು ಬಂದಳು. ಮರಿಯ ಮೇಲೆ ಕೂತು ತೊಯ್ಸಿ ತೊಯ್ಸಿ ಜೇನು ಬಿಡಿಸಿದಳು. ಮತ್ತೆ ಹೋದಳು, ಮತ್ತೆ ಬಂದಳು. ಕೊನೆಗೆ ಹರಳು ಒಂದು ಕಣ್ಣು ತೆರೆಯಿತು. ಇನ್ನೊಂದು ಊದಿಕೊಂಡಿತ್ತು. ಆ ಒಂದೇ ಕಣ್ಣಲ್ಲಿ ಎದುರಿಗಿದ್ದ ಕರಿ ಗುಡ್ಡದಂಥ ಜಡೆಯಪ್ಪನನ್ನು ನೋಡಿ, ಅಮ್ಮನ ಹೊಟ್ಟೆಯ ಕೆಳಗೆ ನುಗ್ಗಿಬಿಟ್ಟಿತು.

"ನಾನು ಮುದ್ದು ಮಾಡೋಕೆ ಬಂದಿದ್ದೆ ಕಣವ್ವಾ" ಅಂದ ಜಡೆಯಪ್ಪ. ಕಣ್ಣಲ್ಲಿ ನೀರು.

"ಗೊತ್ತು ಅಣ್ಣಾ. ಕೆಟ್ಟವನಾಗಿದ್ದರೆ ನಿನ್ನನ್ನ ಹತ್ತಿರ ಬಿಡ್ತಿದ್ದೆನಾ? ಆದರೆ ನಿನ್ನ ಮುದ್ದಿಗೆ ನನ್ನ ಮಗು ಹೋಗಿಬಿಡ್ತಿತ್ತು. ಈಗ ಮನೆಗೆ ಹೋಗು. ಅದು ನಿದ್ದೆ ಮಾಡ್ಬೇಕು."

ಜಡೆಯಪ್ಪ ಎದ್ದ. ಚೆನ್ನಕ್ಕನ ಹತ್ತಿರ ಹೋಗಿ ತಪ್ಪಾಯಿತು ಅಂದ. ಆಮೇಲೆ ಮೈಗೆಲ್ಲ ಅಂಟಿದ ಧೂಳು, ತರಗು, ಇರುವೆ ಹೊತ್ತುಕೊಂಡು, ಕೆರೆದುಕೊಳ್ಳುತ್ತ ಕೆರೆದುಕೊಳ್ಳುತ್ತ ಗುಡ್ಡ ಹತ್ತಿದ. ದಾರಿಯಲ್ಲಿ ಬುಡ್ಡ "ಅಪ್ಪಾ, ನಿನ್ನ ಗಡ್ಡದಲ್ಲಿ ಒಂದು ಕಪ್ಪೆಚಿಪ್ಪು ಇದೆ" ಅಂದ. ಯಾರೂ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕಾಳವ್ವನೇ ಮೊದಲು ನಕ್ಕಳು.

ಆಮೇಲೆ ಏನಾಯಿತು ಅಂತೀರಾ? ಹೇಳುತ್ತೇನೆ. ಚೆನ್ನಕ್ಕ ಮರಿಯ ಕಿವಿಯನ್ನು ನೆಕ್ಕಿ ನೆಕ್ಕಿ ಬಿಡಿಸಿದಳು. ಆ ಮರಿ ಬೆಳೆದು ದಡದಲ್ಲೇ ಎಲ್ಲರಿಗಿಂತ ಜೋರು ಓಟಗಾರ ಆಯಿತು. ಮುಳ್ಳಜ್ಜ ಮುಪ್ಪಾಗಿ, ಒಂದು ಚಳಿಗಾಲದಲ್ಲಿ ಬಿಸಿಲು ಕಾಯಿಸುತ್ತ ಕೂತಲ್ಲೇ ಹಾಯಾಗಿ ಹೋದ. ಅವನ ಜಾಗಕ್ಕೆ ಅವನ ಮಗಳು ಬಂದಳು. ಅವಳ ಬಾಯಿ ಅಪ್ಪನದಕ್ಕಿಂತ ಜೋರು. ಚೆಂಗಿ ಆಚೆ ಗುಡ್ಡದ ಕರಡಿಯನ್ನು ಮದುವೆಯಾಗಿ ಅಲ್ಲಿಯೂ ಮರಿ ನೋಡುವ ದಿನ ಶುರು ಮಾಡಿದಳು. ಬುಡ್ಡ ಗೊಣಗುತ್ತ ಗೊಣಗುತ್ತಲೇ ದೊಡ್ಡವನಾಗಿ, ಅವ್ವ ಅಪ್ಪನ ಜೊತೆಗೇ ಉಳಿದ. ಕಾಳವ್ವ ಹೋದಲ್ಲೆಲ್ಲ ಮರಿಗಳು ಅವಳ ಬೆನ್ನೇರುತ್ತಿದ್ದವು.

ಟಿಟ್ಟವ್ವ ಇನ್ನೂ ಎಷ್ಟೋ ಮೊಟ್ಟೆ ಇಟ್ಟಳು. ಹರಳಿನ ಕಣ್ಣು ವಾಸಿಯಾಯಿತು, ರೆಕ್ಕೆ ಬಲಿಯಿತು, ಅದೂ ತಾಯಿಯಾಯಿತು. ಜಡೆಯಪ್ಪ ಪ್ರತಿ ವರ್ಷ ಕೆಳಗಿಳಿದು ಬರುತ್ತಿದ್ದ, ತಾಯಂದಿರನ್ನು ಕೇಳಿ ಕೇಳಿ ತಿನ್ನಿಸುತ್ತಿದ್ದ, ಬೇರೆ ಎಷ್ಟೋ ಮರಿಗಳು ಅವನ ತೊಡೆಯ ಮೇಲೆ ಮಲಗಿದವು. ಆದರೆ ಹರಳು ಮಾತ್ರ ಒಂದು ದಿನವೂ ಅವನ ಹತ್ತಿರ ಬರಲಿಲ್ಲ. ಅದು ಇದ್ದ ಕಡೆ ಅವನೇ ದೂರದಿಂದ ಸುತ್ತಿ ಹೋಗುತ್ತಿದ್ದ. ಅದರ ಮೇಲೆ ಅವನಿಗೆ ಇದ್ದಷ್ಟು ಪ್ರೀತಿ ಇನ್ಯಾವ ಮರಿಯ ಮೇಲೂ ಇರಲಿಲ್ಲ.

ನೀತಿ: ನಮಗೆ ಹಿತವಾದದ್ದು ಎಲ್ಲರಿಗೂ ಹಿತ ಎಂದುಕೊಳ್ಳಬಾರದು, ಪ್ರೀತಿ ಮಾಡುವ ಮೊದಲು ಅದು ಬೇಕೇ ಬೇಡವೇ ಎಂದು ಕೇಳಬೇಕು.