ಹಾಲು ಉಕ್ಕಿತು ಅನ್ನುವವರೆಗೆ

ಬಹಳ ಹಿಂದೆ, ಅಜ್ಜಿಯ ಅಜ್ಜಿಗೂ ಅಜ್ಜಿಯಾದವಳ ಕಾಲದಲ್ಲಿ, ಒಂದೂರಲ್ಲಿ ಮಾಯಕ್ಕ ಅಂತ ಕಂಚುಗಾರ್ತಿಯೊಬ್ಬಳು ಇದ್ದಳಂತೆ. ದನದ ಕೊರಳಿಗೆ ಕಟ್ಟುವ ಗಂಟೆ ಎರೆಯುವುದು ಅವಳ ಕೆಲಸ. ಗಂಟೆ ಒರಟಾಗಿ ಸದ್ದು ಮಾಡಿದರೆ, ಒಳಗೆ ತೂಗುವ ನಾಲಿಗೆ ಎಲ್ಲಿ ಬಡಿಯುತ್ತಿದೆ ಅಂತ ಬಗ್ಗಿ ನೋಡುತ್ತಿದ್ದಳಂತೆ. ಮೂರು ಊರಾಚೆ ಗಂಟೆ ಅಲುಗಿದರೂ ಅದು ಯಾರ ಮನೆಯ ಹಸು ಅಂತ ಹೇಳುತ್ತಿದ್ದಳಂತೆ. ಆ ಮೂರು ಊರು ಈಗ ಏಳಾಗಿದೆ. ಹೇಳುವವರ ಬಾಯಿ, ಏನು ಮಾಡುವುದು.

ಆ ಊರಿಗೆ ಕೆಂಚವ್ವ ಅನ್ನುವ ಹುಡುಗಿ ಪುಟ್ಟೀರಮ್ಮನ ಸೊಸೆಯಾಗಿ ಬಂದಳು. ಕೆಲಸದಲ್ಲಿ ಚುರುಕು. ಆದರೆ ಅವಳ ಬಾಯಲ್ಲಿ 'ಲ' ಅನ್ನುವುದೆಲ್ಲ 'ಳ' ಆಗುತ್ತಿತ್ತು. ಕಾಲು ನೋಯುತ್ತದೆ ಅನ್ನಲು ಹೋಗಿ ಕಾಳು ನೋಯುತ್ತದೆ ಅಂದರೆ, "ಯಾವ ಕಾಳೇ, ಅವರೆಯೋ ಹುರುಳಿಯೋ?" ಅಂತ ಓರಗೆಯವರು ನಗುತ್ತಿದ್ದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಮೊದಲ ಬೆಳಗ್ಗೆಯೇ ಹಾಲಿನ ತಂಬಿಗೆ ಹಿಡಿದು ಬಂದವಳು, "ಹಾಳು ತಂದಿದ್ದೀನಿ, ಅತ್ತೆಮ್ಮ" ಅಂದುಬಿಟ್ಟಳು.

ಪುಟ್ಟೀರಮ್ಮ ಎದೆ ಹಿಡಿದುಕೊಂಡಳಂತೆ. "ಬೆಳಗೆದ್ದು ಮನೆಗೆ ಹಾಳು ತಂದಿದ್ದೀನಿ ಅಂತೀಯಲ್ಲೇ!"

ಅಂದಿನಿಂದ ಕೆಂಚವ್ವ 'ಲ' ಇರುವ ಮಾತನ್ನೇ ಬಿಟ್ಟಳು. ಹಾಲಿಗೆ 'ಕರೆದದ್ದು' ಅಂದಳು. ಇಲ್ಲ ಅನ್ನಲಾರದೆ ತಲೆಯಾಡಿಸಿದಳು. ಮಾತು ಸವೆದೂ ಸವೆದೂ, ಕೊನೆಗೆ ಊರು ಅವಳನ್ನು ಮೂಗಿ ಅಂದಿತು.

ಅಷ್ಟರಲ್ಲಿ ಪುಟ್ಟೀರಮ್ಮನ ಹೊಸ ಮನೆ ಎದ್ದಿತು. ಹೊಸ ಮನೆ ಹೊಗುವ ದಿನ ಸೊಸೆಯೇ ಹಾಲು ಕಾಯಿಸಬೇಕು, ಉಕ್ಕಿದಾಗ ಎಲ್ಲರಿಗೂ ಕೇಳುವಂತೆ "ಹಾಲು ಉಕ್ಕಿತು" ಅನ್ನಬೇಕು. ಅದು ಆ ಸೀಮೆಯ ಪದ್ಧತಿ. ಹಾಳು ಉಕ್ಕಿತು ಅಂದರೆ ಅವತ್ತೇ ತವರಿಗೆ ಕಳಿಸುತ್ತೇನೆ, ಮತ್ತೆ ಕರೆಸುವುದಿಲ್ಲ ಅಂದಳು ಪುಟ್ಟೀರಮ್ಮ. ತವರಲ್ಲಿ ಕೆಂಚವ್ವನಿಗೆ ಯಾರಿದ್ದರು? ಚಿಕ್ಕಪ್ಪ ಪೀಡೆ ಕಳೆಯಿತು ಅಂತಲೇ ಧಾರೆ ಎರೆದಿದ್ದ. ಉಳಿದದ್ದು ಒಂಬತ್ತು ದಿನ.

ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಜೇನು ನೆಕ್ಕಿಸಿದರು. ಚಿನ್ನದ ತಂತಿ ಕಾಸಿ ನಾಲಿಗೆಗೆ ಬರೆ ಎಳೆಯೋಣ ಅಂತ ಯಾರೋ ಅಂದಾಗ, ಕೆಂಚವ್ವ ಎದ್ದವಳೇ ಮಾಯಕ್ಕನ ಕುಲುಮೆಗೆ ಓಡಿದಳಂತೆ.

ಮಾಯಕ್ಕ ದೀಪದ ಮಸಿಯನ್ನು ತುಪ್ಪದಲ್ಲಿ ಕಲಸಿ ಅವಳ ನಾಲಿಗೆಗೆ ಹಚ್ಚಿದಳು. ಹಾಲು ಅನ್ನು ಅಂದಳು. ಆಮೇಲೆ ಹೊಳಪು ಕೊಟ್ಟ ಕಂಚಿನ ಬಿಲ್ಲೆಯನ್ನು ಕನ್ನಡಿಯಂತೆ ಬಾಯೊಳಗೆ ಹಿಡಿದು ನೋಡಿದಳು. ಮಸಿ ಅಂಗುಳದ ನಡುವೆ ಅಂಟಿತ್ತು. ತಾನೂ ಮಸಿ ಹಚ್ಚಿಕೊಂಡು, ಅದೇ ಮಾತು ಆಡಿ, ಬಾಯಿ ತೆರೆದು ತೋರಿಸಿದಳು. ಅವಳದ್ದು ಮುಂದಿನ ಹಲ್ಲಿನ ಹಿಂದೆ ಅಂಟಿತ್ತು. ಎಷ್ಟೋ ವರ್ಷದಿಂದ ಒಂದೊಂದು ಅಕ್ಷರಕ್ಕೂ ಹೀಗೇ ಬಾಯಿ ಕಪ್ಪು ಮಾಡಿಕೊಂಡು ನೋಡುತ್ತಿದ್ದಳಂತೆ. ಊರಿನ ಲೆಕ್ಕದಲ್ಲಿ ಅವಳು ಹುಚ್ಚಿ.

"ಗಂಟೆ ಒಡೆದಿಲ್ಲ ಕಣೇ," ಅಂದಳು. "ನಾಲಿಗೆ ಬಡಿಯೋ ಜಾಗ ತಪ್ಪಿದೆ, ಅಷ್ಟೇ."

ಹಲ್ಲಿನ ಹಿಂದೆ ಬೆಲ್ಲದ ಚೂರು ಅಂಟಿಸಿ, ಅದನ್ನು ಮುಟ್ಟಿ ಹೇಳು ಅಂದಳು. ಬೆಲ್ಲ ಕರಗಿತು, ಮತ್ತೆ ಅಂಟಿಸಿದಳು. ಎಂಟನೇ ದಿನಕ್ಕೆ 'ಲ' ಬಂತು. ಆದರೆ ನಿಧಾನ. ಅವಸರ ಮಾಡಿದರೆ ನಾಲಿಗೆ ಹಳೇ ಜಾಗಕ್ಕೇ ಹೋಗುತ್ತಿತ್ತು.

ಹೊಸ ಮನೆ ಹೊಗುವ ದಿನ ಒಲೆಯ ಸುತ್ತ ಊರೇ ನಿಂತಿತ್ತು. ಹಾಲು ಏರಿತು. ಕೆಂಚವ್ವ "ಹಾ" ಅಂದು ನಿಂತಳು. ಹಾಲು ಮಡಕೆಯ ಬಾಯಿ ದಾಟಿತು. ನಾಲಿಗೆ ಇನ್ನೂ ಜಾಗ ಹುಡುಕುತ್ತಿತ್ತು. "ಬಿಡು, ನಾನೇ ಹೇಳ್ತೀನಿ" ಅಂತ ಪುಟ್ಟೀರಮ್ಮ ಮಡಕೆ ಇಳಿಸಲು ಹೋದಾಗ ಮಾಯಕ್ಕ ಅವಳ ಕೈ ಹಿಡಿದಳಂತೆ.

"ಸುಮ್ನಿರಮ್ಮ. ಹಾಲು ಹೋದ್ರೆ ಹಸು ಕೊಡ್ತದೆ. ಅವಳ ಮಾತು ಕಿತ್ಕೊಂಡ್ರೆ ಯಾರು ಕೊಡ್ತಾರೆ?"

ಹಾಲು ಸುರಿಯಿತು, ಕೆಂಡ ಚುಂಯ್ ಅಂದಿತು, ಮಡಕೆ ಅರ್ಧ ಬರಿದಾಯಿತು. ಊರಿಗೆ ಊರೇ ಕಾದು ನಿಂತಿತಂತೆ.

"ಹಾ... ಲು ಉಕ್ಕಿತು" ಅಂದಳು ಕೆಂಚವ್ವ. ಯಾರೂ ಮತ್ತೆ ಹೇಳು ಅನ್ನದಿದ್ದರೂ ಇನ್ನೊಂದು ಸಲ ಅಂದಳು. ಪುಟ್ಟೀರಮ್ಮ ಸೊಸೆಯ ಸೆರಗಿಗೆ ಹಾರಿದ ಬೂದಿ ಕೊಡವಿದಳಂತೆ.

ಆ ಸೀಮೆಯಲ್ಲಿ ಈಗಲೂ ಹಾಲುಕ್ಕಿಸುವಾಗ ಸೊಸೆ ಬಾಯಿಬಿಟ್ಟು ಹೇಳುವವರೆಗೆ ಯಾರೂ ಮಡಕೆ ಮುಟ್ಟುವಂತಿಲ್ಲ, ಅವಳ ಬದಲು ಯಾರೂ ಹೇಳುವಂತಿಲ್ಲ. ಅದಕ್ಕೆ ಮಾಯಕ್ಕನ ತಡ ಅನ್ನುತ್ತಾರೆ. ನಾಲಿಗೆ ನೆಟ್ಟಗಿರುವ ಸೊಸೆಯರೂ ಅತ್ತೆಯ ಮುಖವನ್ನೇ ನೋಡುತ್ತಾ, ಒಂದು ಸೇರು ಹಾಲು ಹರಿದ ಮೇಲೇ ಬಾಯಿ ಬಿಡುತ್ತಾರಂತೆ.