ರಾಜನ ಗಿಟಾರಿನೊಳಗಿನ ದುಂಬಿ

ಅರಸ ತೊರೆಮಲ್ಲನ ಕರೆಂಟು ಗಿಟಾರು ಗುಂಯ್‌ಗುಡುತ್ತಿದೆ, ಅದರ ಮೂರು ಒಗಟು ಒಡೆದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ತಲೆ ಕೋಟೆಬಾಗಿಲಿಗೆ ಎಂದು ಸೀಮೆಯಲ್ಲೆಲ್ಲ ಡಂಗೂರ ಹೊಡೆದರು.

ಆ ಗಿಟಾರಿಗಾಗಿ ಆಗಲೇ ಒಂದು ಜೀವ ಹೋಗಿತ್ತು. ಅದನ್ನು ರಿಪೇರಿ ಮಾಡುತ್ತಿದ್ದ ಗಿಡ್ಡಯ್ಯ ಮಾಟ ಹಾಕಿದ್ದಾನೆ ಎಂದು ದಳವಾಯಿ ಗಜಸಿಂಗ ಹೇಳಿದ, ರಾಜ ನಂಬಿ ಗಲ್ಲಿಗೇರಿಸಿದ. ಗಿಡ್ಡಯ್ಯ ಸತ್ತ, ಸದ್ದು ಸಾಯಲಿಲ್ಲ. ಊರೂರು ಅಲೆಯುತ್ತಿದ್ದ ಅವನ ತಮ್ಮ ಓಬಯ್ಯನಿಗೆ ಸುದ್ದಿ ಮುಟ್ಟಿದ್ದು ಯಾವುದೋ ಸಂತೆಯಲ್ಲಿ. ಮಾಟಗಾರನ ಸಾವಿಗೆ ಜನ ನಗುತ್ತಿದ್ದರು. ಅವನು ಅನ್ನ ಬಿಟ್ಟು ಎದ್ದು ಅರಮನೆಯ ದಾರಿ ಹಿಡಿದ.

ಅವನ ಮುಂದೆ ಸಾಲು ನಿಂತಿತ್ತು. ಜ್ಯೋತಿಷಿಯೊಬ್ಬ ಪಿತೃಗಳ ಗೋಳು ಅಂದ, ತಲೆ ಹೋಯಿತು. ತಂತಿ ಮಾರುವವನು ಹೊಸ ತಂತಿ ಹಾಕಿ ಅಂದ, ಹಾಕಿದರು, ಗುಂಯ್ ಅಂದಿತು, ಅವನದೂ ಹೋಯಿತು. ವರ್ತಕನ ಮಗ ಹೇಗೋ ಮೊದಲನೆಯದನ್ನು ದಾಟಿ ಎರಡನೆಯದಕ್ಕೆ ವಾಸ್ತುದೋಷ ಅಂದುಬಿಟ್ಟ.

"ಇವನ್ಯಾರೋ ಅಲೆಮಾರಿ, ಕುತ್ತಿಗೆ ಬಹಳ ತೆಳ್ಳಗಿದೆ. ಕತ್ತಿಗೆ ಕೆಲಸ ಕಮ್ಮಿ," ಎಂದ ದಳವಾಯಿ.

ರಾಜ ಕೇಳಿದ: "ಗಿಟಾರಿನೊಳಗೆ ದುಂಬಿಯೊಂದಿದೆ. ಕೈ ಎತ್ತಿದರೆ ಮೊರೆಯುತ್ತದೆ, ಬೆರಳು ತಂತಿ ಮುಟ್ಟಿದರೆ ಅಡಗುತ್ತದೆ. ಎಲ್ಲಿಗೆ ಹೋಗುತ್ತದೆ?"

"ಮಣ್ಣಿಗೆ, ಬುದ್ಧಿ," ಅಂದ ಓಬಯ್ಯ. ಸುತ್ತಲ ಕರೆಂಟಿನ ಗದ್ದಲವನ್ನು ನಮ್ಮ ಮೈ ಹೀರಿ ಗಿಟಾರಿಗೆ ಉಣಿಸುತ್ತದೆ, ತಂತಿ ಮುಟ್ಟಿದೊಡನೆ ಅದು ಒಳಗಿನ ವೈರಿನಲ್ಲಿಳಿದು ನೆಲ ಸೇರುತ್ತದೆ ಎಂದು ವಿವರಿಸಿದ. "ಆ ವೈರು ಬೆಸೆದದ್ದು ಗಿಡ್ಡಯ್ಯ. ಅದು ಕೆಟ್ಟಿದ್ದರೆ ನೀವು ಮುಟ್ಟಿದರೂ ದುಂಬಿ ಅಡಗುತ್ತಿರಲಿಲ್ಲ."

ರಾಜನ ಮುಖ ಸಣ್ಣದಾಯಿತು. ದಳವಾಯಿ ಎರಡನೆಯದು ಕೇಳಿ ಎಂದು ಅವಸರ ಮಾಡಿದ.

"ಪೂರ್ವಕ್ಕೆ ತಿರುಗಿದರೆ ಅಬ್ಬರಿಸುತ್ತದೆ, ಓರೆಯಾದರೆ ಪಿಸುಗುಡುತ್ತದೆ. ಯಾರನ್ನು ಕಂಡು?"

ಓಬಯ್ಯ ಗಿಟಾರು ಹೊತ್ತು ಸಭೆಯಲ್ಲಿ ನಡೆದ. ಒಳಗಿನ ಸುರುಳಿ ಕಿವಿಯಿದ್ದ ಹಾಗೆ, ಸದ್ದು ಹೆಚ್ಚಿದತ್ತ ಹೋದರೆ ಮೂಲ ಸಿಗುತ್ತದೆ ಎಂದ. ಹೋಗುತ್ತ ಹೋಗುತ್ತ ಸದ್ದು ಏರಿತು. ದಳವಾಯಿಯ ಪೀಠದ ಮುಂದೆ ಕಿವಿ ಮುಚ್ಚಬೇಕಾಯಿತು. ಅವನ ತಲೆಯ ಮೇಲೆ, ಮುಖ ಹೊಳೆಯಲೆಂದು ಹಾಕಿಸಿಕೊಂಡ ದೀಪವಿತ್ತು, ಬೆಳಕು ಏರಿಸಿ ಇಳಿಸುವ ಗುಂಡಿಯಿತ್ತು. ಓಬಯ್ಯ ಅದನ್ನು ಆರಿಸಿದ. ಅಬ್ಬರ ನಿಂತಿತು.

"ಬಾಗಿಲ ಕಾವಲಿನವರು ಹೇಳಿದರು," ಎಂದು ಅವನು ದಳವಾಯಿಯತ್ತ ತಿರುಗಿದ. "ದೀಪ ಆರಿಸಿ ಎಂದು ಅಣ್ಣ ಬೇಡಿದ್ದನಂತೆ. ನನ್ನನ್ನು ಕತ್ತಲಲ್ಲಿ ಕೂರಿಸುತ್ತೀಯಾ ಎಂದು ನೀನು ಹಲ್ಲು ಕಡಿದೆಯಂತೆ."

ಯಾರ ಅಣ್ಣ ಎಂದು ಯಾರೂ ಕೇಳಲಿಲ್ಲ. ರಾಜ ತಗ್ಗಿದ ದನಿಯಲ್ಲಿ ಮೂರನೆಯದನ್ನು ಕೇಳಿದ: "ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿದ್ದೇನೆ. ಆದರೂ ಆಗಾಗ ಚಟಪಟ ಅನ್ನುತ್ತದೆ. ಬಾಯಿ ಹೊಲಿದ ಮೇಲೂ ಮಾತಾಡುವವನು ಯಾರು?"

"ಗಿಟಾರು ಬಾಯಿ ಮುಚ್ಚಿದೆ ಬುದ್ಧಿ. ಮಾತಾಡುತ್ತಿರುವುದು ಅದರಾಚೆಯದು." ಓಬಯ್ಯ ಧ್ವನಿಪೆಟ್ಟಿಗೆಗೆ ಹೋಗುವ ಕೇಬಲ್ ಅಲುಗಿಸಿದ, ಚಟಪಟ ಅಂದಿತು. ತುದಿಯ ಹಿಡಿಕೆ ಬಿಚ್ಚಿ ತೋರಿಸಿದ. ಒಳವೈರನ್ನು ಕಾಯುವ ತಾಮ್ರದ ಹೆಣಿಗೆಯಲ್ಲಿ ಎರಡು ಎಳೆ ಮಾತ್ರ ಉಳಿದಿದ್ದವು. ಮಿಕ್ಕವು ಸವೆದಿರಲಿಲ್ಲ, ಯಾರೋ ಚೂರಿಯಲ್ಲಿ ನೇರ ಕೊಯ್ದಿದ್ದರು.

ಆ ಅರಮನೆಯಲ್ಲಿ ಒಂದು ಪದ್ಧತಿ. ರಿಪೇರಿಯವನು ಗಿಟಾರನ್ನಷ್ಟೇ ಮುಟ್ಟಬೇಕು, ಕೇಬಲನ್ನು ಸುತ್ತಿ ತನ್ನ ಮುದ್ರೆಯ ಪೆಟ್ಟಿಗೆಯಲ್ಲಿಡುವ ಮರ್ಯಾದೆ ದಳವಾಯಿಯೊಬ್ಬನದು. ಬೇರೆ ಯಾರ ಕೈಯೂ ತಾಗಿರಲಿಲ್ಲ ಎಂಬುದು ಇಡೀ ಸಭೆಗೆ ಗೊತ್ತಿತ್ತು. ಎಲ್ಲರೂ ಗಜಸಿಂಗನತ್ತ ತಿರುಗಿದರು.

ರಾಜ ಕತ್ತಿ ತರಿಸಿದ. ಓಬಯ್ಯ ಅಡ್ಡ ನಿಂತ.

"ಕೇಳಿದ್ದು ಕೊಡುತ್ತೇನೆ ಅಂದಿರಿ. ಇವನನ್ನು ಜೀವಸಹಿತ ನನಗೆ ಕೊಡಿ."

"ಕ್ಷಮಿಸುತ್ತೀಯೇನಪ್ಪ?"

"ಇಲ್ಲ ಬುದ್ಧಿ. ಕತ್ತಿಯದು ಚಿಟಿಕೆಯಷ್ಟು ಹೊತ್ತಿನ ಕೆಲಸ. ಅಣ್ಣನ ಹೆಸರಿಗೆ ಉಗಿದ ಊರುಗಳು ಬಹಳ ಇವೆ."

ರಾಜ ದಳವಾಯಿಯನ್ನೂ ಕೊಟ್ಟ, ಜೊತೆಗೆ ಗಿಟಾರನ್ನೂ ಕೊಟ್ಟ. ಅಂದಿನಿಂದ ಓಬಯ್ಯ ಸಂತೆಸಂತೆಯಲ್ಲಿ ಬಾರಿಸುತ್ತಾನೆ. ಧ್ವನಿಪೆಟ್ಟಿಗೆ ಹೊತ್ತು ಹಿಂದೆ ಬರುವ ಗಜಸಿಂಗ, ಜನ ಸೇರಿದ ಕೂಡಲೆ, ದೀಪದ ಸಿಟ್ಟಿಗೆ ಕೇಬಲ್ ಕೊಯ್ದವನು ನಾನು, ಗಿಡ್ಡಯ್ಯ ನಿರಪರಾಧಿ ಎಂದು ಕೂಗಬೇಕು. ದನಿ ತಗ್ಗಿದರೆ ಓಬಯ್ಯ ತಿರುಗಿಯೂ ನೋಡದೆ, "ಹಿಂದಿನವರಿಗೆ ಕೇಳಿಸಲಿಲ್ಲ" ಅನ್ನುತ್ತಾನೆ. ಗಿಟಾರಿನ ದುಂಬಿ ಸುಮ್ಮನಾಗಿ ಎಷ್ಟೋ ಕಾಲವಾಯಿತು. ಗಜಸಿಂಗನ ಬಾಯಿಗೆ ಇನ್ನೂ ಬಿಡುವಿಲ್ಲ.