ಗೋಡೆಗೆ ಹೋಗಬೇಕಿದ್ದ ಗ್ರಂಥ

ಅಂಟಿಸೋಕೇ ಸ್ವಾಮಿ, ಇನ್ಯಾತಕ್ಕೆ? ಓದೋ ಚಟ ಆ ರಾಜನಿಗೆ ಯಾವತ್ತಿತ್ತು? ಸಿಖ್ಖರು ಪ್ರಾರ್ಥನೆ ಮಾಡೋ ಧರ್ಮಶಾಲೆಯಿಂದ ಕೈಬರಹದ ಗುರುಗ್ರಂಥವನ್ನ ಎತ್ತಿಸಿಕೊಂಡು ಬಂದಿದ್ದೇ ಹಾಳೆ ಅಂಚಿನ ಚಿನ್ನದ ಬಳ್ಳಿ ಚಿತ್ತಾರ ನೋಡಿ. ಹಾಳೆ ಕಿತ್ತು ಮಲಗೋ ಕೋಣೆ ಗೋಡೆಗೆ ಮೆತ್ತಿಸ್ತೀನಿ ಅಂತ ಕೂತ. ಕೀಳಬೇಡ ಅಂತ ಮಗಳು ರತ್ನಪ್ರಭೆ ಮೂರು ದಿನ ಊಟ ಬಿಟ್ಟಳು. ಆಮೇಲೆ ಡಂಗುರ ಸಾರಿಸಿದ: ರಾಜಕುಮಾರಿಯ ಮೂರು ಒಗಟು ಬಿಡಿಸಿದೋನು ಗ್ರಂಥ ಒಯ್ಯಲಿ, ಬೇಡಿದ್ದೂ ಪಡೀಲಿ, ತಪ್ಪಿದ್ರೆ ತಲೆ ಬಿಟ್ಟು ಹೋಗಲಿ. ಹುಣ್ಣಿಮೆಯೇ ಗಡುವು, ಆಮೇಲೆ ಹಾಳೆ ಗೋಡೆಗೆ.

ಹುಣ್ಣಿಮೆ ಬೆಳಗ್ಗೆ ಬುಲಾಕ ಸಿಂಗ್ ಬಂದಾಗ ಆಸ್ಥಾನದ ತುಂಬ ಅಂಟು ಕಾಯಿಸೋ ವಾಸನೆ. ಬುಲಾಕನಿಗೆ ಓದು ಬಾರದು. ಲಿಪಿಕಾರ ಖಜಾನ ಸಿಂಗ್ ಈ ಗ್ರಂಥ ಬರೆದಾಗ ಮೂರು ವರ್ಷ ಮಸಿ ಅರೆದಿದ್ದ, ಅಷ್ಟೇ. ಗ್ರಂಥ ಹೋದಾಗಿನಿಂದ ಆ ಮುದುಕ ಹಾಸಿಗೆ ಹಿಡಿದು, ನೀರೂ ಒಲ್ಲೆ ಅಂತಿದ್ದ.

ಬುಲಾಕನ ಮುಂದೆ ಇಬ್ಬರಿದ್ದರು. ಮೊದಲ ಒಗಟು ಎಲ್ಲರಿಗೂ ಒಂದೇ: ಸಾವಿರಾರು ಜನ ಭುಜಕ್ಕೆ ಭುಜ ಅಂಟಿಸಿ ನಿಂತಿದ್ದಾರೆ, ನಡುವೆ ಕೂದಲೂ ತೂರಲ್ಲ, ಯಾರವರು? ಆಸ್ಥಾನದ ಪಂಡಿತ ಸೈನ್ಯ ಅಂದ. ತಲೆ ಹೋಯ್ತು. ಪಕ್ಕದ ದೇಶದ ಯುವರಾಜ ದಾಳಿಂಬೆ ಬೀಜ ಅಂದ. ತಿನ್ನೋಕೆ ಬಾಯೇ ಉಳೀಲಿಲ್ಲ. ಗ್ರಂಥ ಎದುರಿಗೇ ಇತ್ತು, ಒಬ್ಬನಾದ್ರೂ ತೆರೆದು ನೋಡಿದ್ರೆ ಕೇಳಿ.

ಬುಲಾಕ ಗ್ರಂಥಕ್ಕೆ ಕೈ ಮುಗಿದ. "ಅಕ್ಷರಗಳು, ಅಮ್ಮಾವ್ರೆ. ಹಳೇ ಬರವಣಿಗೇಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡಲ್ಲ. ಎಲ್ಲಿ ಉಸಿರು ತಗೋಬೇಕು ಅನ್ನೋದು ಓದೋರಿಗೆ ಗೊತ್ತಿರಬೇಕು."

ರತ್ನಪ್ರಭೆಯ ಮುಖ ಅರಳ್ತು. ಬಲ್ಲೋನೊಬ್ಬ ಬರಲಿ ಅಂತಲೇ ಅವಳು ಮೂರೂ ಒಗಟನ್ನ ಗ್ರಂಥದಿಂದ ಹೊಸೆದಿದ್ದಳು. ಎರಡನೇದು ಕೇಳಿದಳು: ಬೀಗ ಇಲ್ಲ, ಭಟ ಇಲ್ಲ, ಆದ್ರೂ ಹೊರಗಿನೋನು ಒಬ್ಬ ನುಸುಳಿದ್ರೆ ಸಿಕ್ಕಿಬೀಳ್ತಾನೆ. ಕಾಯೋರು ಯಾರು?

ಪದ್ಯದ ಕೊನೆಯ ಅಂಕಿಗಳು ಅಂದ ಬುಲಾಕ. ಒಂದು ಪದ್ಯ ಕಳ್ಳತನದಿಂದ ಸೇರಿಸಿದ್ರೂ ಲೆಕ್ಕ ತಪ್ಪುತ್ತೆ. ಅಂಕಿ ಬರೆಯುವಾಗ ಮಾತ್ರ ಖಜಾನ ಸಿಂಗ್ ಅವನನ್ನ ಕೆಮ್ಮೋಕೂ ಬಿಡ್ತಾ ಇರಲಿಲ್ಲ.

ರಾಜ ಕತ್ತಿಯವನನ್ನ ಹತ್ತಿರ ಕರೆದ. ಮೂರನೇದನ್ನ ಅವಳು ಗ್ರಂಥದ ಕಡೆ ನೋಡ್ತಾ ಕೇಳಿದಳು. "ಹೊಟ್ಟೆಯಿಂದ ಹುಟ್ಟಿದ್ದಲ್ಲ, ಮೈಯಲ್ಲಿ ರಕ್ತ ಇಲ್ಲ. ಮುಪ್ಪಾದ್ರೆ ಬಿಳಿ ಬಟ್ಟೆ ಹೊದಿಸಿ, ಚಿತೆಗಿಟ್ಟು, ತಂದೇನ ಕಳ್ಕೊಂಡಂಗೆ ಅಳ್ತಾರೆ. ಏನದು?"

ಕತ್ತಿಯವನು ಕೈ ಬದಲಾಯಿಸಿದ.

"ಜೀರ್ಣವಾದ ಗ್ರಂಥ," ಅಂದ ಬುಲಾಕ. "ನಮಗದು ಪುಸ್ತಕ ಅಲ್ಲ ಅಮ್ಮಾವ್ರೆ, ಗುರು. ನಮ್ಮೂರಲ್ಲಿ ಹಿಂದಿನದಕ್ಕೆ ನಾನೇ ಕಟ್ಟಿಗೆ ಜೋಡಿಸಿದ್ದು. ಸುಡೋದಾದ್ರೂ ಮರ್ಯಾದೆಯಿಂದ ಸುಡ್ತೀವಿ, ಗೋಡೆಗೆ ಹಚ್ಚಲ್ಲ."

ಏನು ಬೇಕು, ಊರೋ ಆನೆಯೋ ಅಂತ ರಾಜ ಹಲ್ಲು ಕಡೀತಾ ಕೇಳಿದ. ಸುತ್ತೋಕೆ ಒಂದು ಶುಭ್ರವಾದ ಬಟ್ಟೆ ಸಾಕು ಅಂದ ಇವನು. ರತ್ನಪ್ರಭೆ ತನ್ನ ರೇಷ್ಮೆ ಶಾಲು ಕೊಟ್ಟಳು. ಬುಲಾಕ ಗ್ರಂಥವನ್ನ ಸುತ್ತಿ, ತಲೆ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದ.

"ತಲೆ ಬಗ್ಗಿಸಿ ಹೋಗೋ," ಅಂದ ರಾಜ.

"ತಲೆ ಮೇಲೆ ಗುರು ಇದ್ದಾರೆ ದೊರೆಗಳೇ. ಇವತ್ತು ಆಗಲ್ಲ."

ಬುಲಾಕ ನಡೆದ. ರತ್ನಪ್ರಭೆ ರಾಜನಿಗೆ ಬೀಸ್ತಿದ್ದ ಆಳಿನ ಕೈಯಿಂದ ಚಾಮರ ಕಿತ್ಕೊಂಡು, ಗ್ರಂಥಕ್ಕೆ ಬೀಸ್ತಾ ಹಿಂದೆ ಹೊರಟಳು. ಹೊಸಿಲು ದಾಟಿ, ಅಪ್ಪನ ಕಡೆ ತಿರುಗಿಯೂ ನೋಡದೆ, ಬಾಗಿಲು ಎಳ್ಕೊಂಡಳು.